ಶಿರಸಿ ಕಾಲೇಜು ಊರೇ? ಪಿ.ಜಿ. ಕಟ್ಟಿಸುವ ಮೊದಲು ಬಸ್ ಸ್ಟ್ಯಾಂಡ್ ನೋಡಿ

ಪ್ರಶ್ನೆ: ಸರ್, ನಾನು ಶಿರಸಿ ತಾಲೂಕಿನವನು. ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ. ಊರಲ್ಲಿ ಅಪ್ಪ, ಅಮ್ಮ ಇದ್ದಾರೆ, ಎರಡು ಎಕರೆ ಅಡಿಕೆ ತೋಟ ಇದೆ. ಬನವಾಸಿ ರಸ್ತೆ ಕಡೆ ಒಂದು ಸೈಟ್ ನೋಡಿಟ್ಟಿದ್ದೇನೆ. ಸಾಲ ಮಾಡಿ 12 ಕೋಣೆಯ ಪಿ.ಜಿ. (ಪೇಯಿಂಗ್ ಗೆಸ್ಟ್ ವಸತಿ) ಕಟ್ಟಿಸಿ, ಕೆಳಗೆ ಒಂದು ಮೆಸ್ ಹಾಕಬೇಕು ಅಂತ ಯೋಚನೆ. ಶಿರಸಿಯಲ್ಲಿ ಇಷ್ಟೊಂದು ಕಾಲೇಜುಗಳಿವೆ. ಧಾರವಾಡದ ಹಾಗೆ ಇದೂ ಕಾಲೇಜು ಊರೇ ಅಲ್ವಾ? ಇದು ನಡೆಯುತ್ತಾ?

ಉತ್ತರ: ಪಿ.ಜಿ. ನಡೆಯುವುದು ಕಷ್ಟ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಸಾಲ ಮಾಡಲು ಹೊರಟಿದ್ದೀರಿ. ಆದರೆ ಸೈಟ್ ಬಿಡಿ ಅಂತಲೂ ಹೇಳುವುದಿಲ್ಲ. ಅಲ್ಲಿ ಏನು ಕಟ್ಟಬೇಕು ಅನ್ನೋದಕ್ಕೆ ಉತ್ತರ ಬೇರೆ ಇದೆ. ಅದು ತಿಳಿಯಬೇಕಾದರೆ ಶಿರಸಿ ಪೇಟೆ ಯಾವುದರ ಮೇಲೆ ಬದುಕಿದೆ ಅಂತ ಒಮ್ಮೆ ಕೂತು ನೋಡಬೇಕು. ನಾನು ಈ ಪೇಟೆಯಲ್ಲೇ ವರ್ಷಗಟ್ಟಲೆ ಅರ್ಥಶಾಸ್ತ್ರ ಪಾಠ ಮಾಡಿದವನು. ಈ ಪ್ರಶ್ನೆಯನ್ನು ತರಗತಿಯಲ್ಲೂ ಕೇಳುತ್ತಿದ್ದೆ.

ಧಾರವಾಡದ ಹೋಲಿಕೆಯಿಂದಲೇ ಶುರು ಮಾಡೋಣ. ಅಲ್ಲಿ ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರ ತನಕ ಹಾಗೇ ಇತ್ತು. ಶಿರಸಿ, ಸಿದ್ದಾಪುರದ ಹುಡುಗರು ಡಿಗ್ರಿ ಓದಬೇಕಂದರೆ ಟ್ರಂಕು ಹೊತ್ತು ಧಾರವಾಡಕ್ಕೆ ಹೋಗಿ ಕೋಣೆ ಹಿಡಿಯುತ್ತಿದ್ದರು. ಆಮೇಲೆ ಅಲ್ಲಿಗೆ ವಿಶ್ವವಿದ್ಯಾಲಯ ಬಂತು, ಕೃಷಿ ವಿಶ್ವವಿದ್ಯಾಲಯ ಬಂತು, ಈಚೆಗೆ ಐಐಟಿ ಬಂತು. ಆ ಊರಿಗೆ ಓದುವವರು ಹೊರಗಿನಿಂದ ಬರುತ್ತಾರೆ, ವರ್ಷಗಟ್ಟಲೆ ಉಳಿಯುತ್ತಾರೆ. ಕೋಣೆ ಬಾಡಿಗೆ, ಖಾನಾವಳಿ, ಪುಸ್ತಕದಂಗಡಿ, ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್, ಎಲ್ಲ ಅವರ ಮೇಲೆಯೇ ನಡೆಯುತ್ತದೆ. ಮಣಿಪಾಲವಂತೂ ಇನ್ನೂ ಒಂದು ಹೆಜ್ಜೆ ಮುಂದೆ. 1953ರಲ್ಲಿ ಮೆಡಿಕಲ್ ಕಾಲೇಜು ಬರುವ ಮೊದಲು ಅಲ್ಲಿ ಪೇಟೆ ಅನ್ನುವಂಥದ್ದೇ ಇರಲಿಲ್ಲ.

ಶಿರಸಿ ಇದರ ಉಲ್ಟಾ. ಇಲ್ಲಿ ಪೇಟೆ ಮೊದಲು, ಕಾಲೇಜು ಆಮೇಲೆ. ಅಡಿಕೆ ತೋಟದ ದುಡ್ಡು ಪೇಟೆಯನ್ನು ಬೆಳೆಸಿತು. ಅದೇ ದುಡ್ಡಿನ ಜನ ಸೇರಿ, ನಮ್ಮ ಮಕ್ಕಳು ಧಾರವಾಡಕ್ಕೆ ಯಾಕೆ ಹೋಗಬೇಕು ಅಂತ ಕಾಲೇಜು ಕಟ್ಟಿದರು. ಮಕ್ಕಳು ಮನೆಯಿಂದಲೇ ಓಡಾಡಿ ಓದಲಿ ಅನ್ನುವುದೇ ಅವರ ಆಸೆಯಾಗಿತ್ತು. ಎಂ.ಇ.ಎಸ್. ಸಂಸ್ಥೆಯ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜಾಗಲಿ, ಅವರ ಕಾಮರ್ಸ್ ಕಾಲೇಜಾಗಲಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಾಗಲಿ, ಮಾರಿಕಾಂಬಾ ಪಿಯು ಕಾಲೇಜಾಗಲಿ, ತರಗತಿಯಲ್ಲಿ ಕೂತವರು ಹೆಚ್ಚಿನಂಶ ಸುತ್ತಲಿನ ಹಳ್ಳಿಯ ಮಕ್ಕಳೇ. ಕೋಣೆ ಮಾಡಿಕೊಂಡು ಇರುವವರು ಕೈ ಎತ್ತಿ ಅಂದರೆ ಪ್ರತಿ ವರ್ಷ ಬೆರಳೆಣಿಕೆಯ ಕೈ ಏಳುತ್ತಿದ್ದವು. ಬಸ್ಸಿಗೆ ಬರುವವರು ಅಂದರೆ ಇಡೀ ತರಗತಿ ಕೈ ಎತ್ತುತ್ತಿತ್ತು.

ಅದಕ್ಕೇ ನಿಮಗೆ ಬಸ್ ಸ್ಟ್ಯಾಂಡ್ ನೋಡಿ ಅಂದಿದ್ದು. ಜುಲೈ ತಿಂಗಳ ಒಂದು ಬೆಳಿಗ್ಗೆ ಎಂಟೂವರೆಗೆ ಹಳೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿ. ಹುಲೇಕಲ್ ಬಸ್ಸು, ಸೋಂದಾ ಬಸ್ಸು, ವಾನಳ್ಳಿ ಬಸ್ಸು, ಮಂಜುಗುಣಿ ಬಸ್ಸು, ಒಂದರ ಹಿಂದೆ ಒಂದು ಬರುತ್ತವೆ. ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಿಗ್ಗೆ ಹೊರಡುವ ವಸ್ತಿ ಬಸ್ಸುಗಳೂ ಅದರಲ್ಲಿವೆ. ಗಾಜಿನ ತುಂಬ ಉಸಿರಿನ ಮಂಜು. ಬಾಗಿಲು ತೆರೆದ ಕೂಡಲೇ ಕೊಡೆಗಳ ರಾಶಿ ಹೊರಗೆ ಬೀಳುತ್ತದೆ. ಮಕ್ಕಳ ಅರ್ಧ ಅಂಗಿ ಒದ್ದೆ, ಚೀಲವನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅಪ್ಪಿ ಹಿಡಿದಿರುತ್ತಾರೆ. ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಡಬ್ಬಿ ಇರುತ್ತದೆ. ನಿಮ್ಮ ಮೆಸ್ಸಿನ ಲೆಕ್ಕ ಹಾಕುವಾಗ ಆ ಡಬ್ಬಿಯನ್ನು ಮರೆಯಬೇಡಿ. ಮಧ್ಯಾಹ್ನದ ಊಟ ಮನೆಯಿಂದಲೇ ಬರುತ್ತದೆ. ಪೇಟೆಯಲ್ಲಿ ಅವರು ಖರ್ಚು ಮಾಡುವುದು ಒಂದು ಬನ್ಸ್, ಅರ್ಧ ಚಾ, ಮೊಬೈಲ್ ರೀಚಾರ್ಜ್, ಜೆರಾಕ್ಸ್, ಇಷ್ಟಕ್ಕೇ.

ಸಂಜೆ ಮತ್ತೆ ಅಲ್ಲೇ ನಿಲ್ಲಿ. ಹೊರಡುವ ಮಕ್ಕಳ ಕೈಯಲ್ಲಿ ಏನಿದೆ ನೋಡಿ. ಒಬ್ಬನ ಕೈಯಲ್ಲಿ ಪೈಪಿನ ಜಾಯಿಂಟು. ಇನ್ನೊಬ್ಬಳ ಚೀಲದಲ್ಲಿ ಅಜ್ಜನ ಬಿ.ಪಿ. ಮಾತ್ರೆ. ನನ್ನ ವಿದ್ಯಾರ್ಥಿಯೊಬ್ಬ ಜೂನ್ ತಿಂಗಳಲ್ಲಿ ಮೈಲುತುತ್ತದ ಪೊಟ್ಟಣ ಹಿಡಿದುಕೊಂಡೇ ತರಗತಿಗೆ ಬರುತ್ತಿದ್ದ. ಅಡಿಕೆಗೆ ಕೊಳೆ ರೋಗ ಬರುವ ಮೊದಲು ಅಪ್ಪ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಸಬೇಕು, ಮರ ಹತ್ತುವ ಕೊನೆಗೌಡ ನಾಳೆ ಬರುತ್ತೇನೆ ಅಂದಿದ್ದಾನೆ, ಪೇಟೆಯಿಂದ ಮೈಲುತುತ್ತ ತರುವವನು ಇವನೇ. ಆ ಪೊಟ್ಟಣವನ್ನು ಕಿಟಕಿಯಲ್ಲಿ ಜೋಪಾನವಾಗಿ ಇಟ್ಟು, ಬೇಡಿಕೆ ಮತ್ತು ಪೂರೈಕೆಯ ಪಾಠ ಬರೆದುಕೊಳ್ಳುತ್ತಿದ್ದ. ನಮ್ಮ ಮಕ್ಕಳು ಓದುವಾಗಲೂ ತೋಟದ ಕೆಲಸದಿಂದ ಕಳಚಿಕೊಂಡಿರುವುದಿಲ್ಲ. ಅವರು ಪೇಟೆಯಲ್ಲಿ ಉಳಿದರೆ ಮನೆಗೆ ಒಂದು ಕೈ ಕಡಿಮೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಪುಕ್ಕಟೆ. ಮೊದಲು ದೂರದ ಹಳ್ಳಿಯ ಹುಡುಗಿಯೊಬ್ಬಳು ಬಸ್ ಪಾಸಿನ ಖರ್ಚು ಮತ್ತು ಕೋಣೆ ಬಾಡಿಗೆ ಎರಡನ್ನೂ ತೂಗಿ ನೋಡಬೇಕಿತ್ತು. ಈಗ ಒಂದು ತಟ್ಟೆಯಲ್ಲಿ ಏನೂ ಇಲ್ಲ. ಓದು ಮುಂದುವರಿಸಲು ಇದು ಎಷ್ಟೋ ಹುಡುಗಿಯರಿಗೆ ಆಸರೆ ಆಗಿದೆ, ನನಗೆ ಅದರ ಬಗ್ಗೆ ತುಂಬಾ ಸಂತೋಷ ಇದೆ. ಆದರೆ ಪಿ.ಜಿ. ಮಾಲೀಕರಿಗೆ ಆಗುವ ಪರಿಣಾಮವನ್ನೂ ನೀವು ನೋಡಬೇಕು.

ಹಾಗಾದರೆ ಹೊರಗಿನಿಂದ ಬರುವವರೇ ಇಲ್ಲವೇ? ಇದ್ದಾರೆ. ನೀವು ಸೈಟ್ ನೋಡಿದ ಬನವಾಸಿ ರಸ್ತೆಯಲ್ಲೇ ಅರಣ್ಯ ಮಹಾವಿದ್ಯಾಲಯ ಇದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ರಾಜ್ಯದ ಬೇರೆ ಬೇರೆ ಜಿಲ್ಲೆಯ ಮಕ್ಕಳು ಸಿಇಟಿ ಬರೆದು ನಾಲ್ಕು ವರ್ಷದ ಡಿಗ್ರಿಗೆ ಅಲ್ಲಿಗೆ ಬರುತ್ತಾರೆ. ಬಹುಶಃ ನಿಮಗೆ ಪಿ.ಜಿ. ಆಸೆ ಹುಟ್ಟಿದ್ದೂ ಅದನ್ನು ನೋಡಿಯೇ ಇರಬಹುದು. ಆದರೆ ಅವರಿಗೆ ಕ್ಯಾಂಪಸ್ಸಿನಲ್ಲೇ ಹಾಸ್ಟೆಲ್ ಇದೆ. ಬಡ ಮಕ್ಕಳಿಗೆ ಸರ್ಕಾರದ ಹಾಸ್ಟೆಲ್‌ಗಳಿವೆ. ಇನ್ನು ಊರೂರಿನಿಂದ ಮಕ್ಕಳನ್ನು ಎಳೆಯುವುದು ಎಂಜಿನಿಯರಿಂಗ್ ಮತ್ತು ಮೆಡಿಕಲ್. ಎಂಜಿನಿಯರಿಂಗಿಗೆ ನಮ್ಮ ಜಿಲ್ಲೆಯಲ್ಲಿ ಕಾರವಾರ, ಭಟ್ಕಳ, ಹಳಿಯಾಳ. ಸರ್ಕಾರಿ ಮೆಡಿಕಲ್ ಕಾಲೇಜು ಕಾರವಾರದಲ್ಲಿ. ಪಿಯು ಸೈನ್ಸ್ ಮುಗಿದ ಕೂಡಲೇ ಶಿರಸಿಯ ಚುರುಕು ಮಕ್ಕಳು ಬಸ್ಸು ಹತ್ತುವುದು ಹೊರಗೆ ಹೋಗಲಿಕ್ಕೆ. ನೀವೂ ಹಾಗೇ ಹೋದವರು ಅಲ್ವಾ?

ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಕಿ ಹಾಕಿ ನೀವೇ ಮತ್ತೆ ಮಾಡಿ. 12 ಕೋಣೆ, ಕೋಣೆಗೆ ಇಬ್ಬರು, 24 ಹಾಸಿಗೆ. ತಲೆಗೆ ತಿಂಗಳಿಗೆ 3000 ರೂಪಾಯಿ ಅಂತ ಇಟ್ಟುಕೊಂಡರೆ, ವರ್ಷಪೂರ್ತಿ ತುಂಬಿದ್ದರೆ 8 ಲಕ್ಷ 64 ಸಾವಿರ. ಕೇಳಲು ಚೆನ್ನಾಗಿದೆ. ಆದರೆ ಮಕ್ಕಳು ಕೊಡುವುದು ಒಂಬತ್ತು ತಿಂಗಳು, ರಜೆಯಲ್ಲಿ ಯಾರೂ ಬಾಡಿಗೆ ಕಟ್ಟುವುದಿಲ್ಲ. ಅರ್ಧ ತುಂಬಿತು ಅಂದರೆ ಕೈಗೆ ಬರುವುದು 3 ಲಕ್ಷ 24 ಸಾವಿರ. ಕರೆಂಟು, ನೀರು, ಕೆಲಸದವರು, ಮಳೆಗಾಲ ಮುಗಿದ ಮೇಲೆ ಬಣ್ಣ, ಇವೆಲ್ಲ ಅದರಲ್ಲೇ ಹೋಗಬೇಕು. ಇತ್ತ 60 ಲಕ್ಷ ಸಾಲವನ್ನು ಶೇ. 9ರ ಬಡ್ಡಿಗೆ 15 ವರ್ಷಕ್ಕೆ ತೆಗೆದರೆ ತಿಂಗಳ ಕಂತು 60 ಸಾವಿರ ದಾಟುತ್ತದೆ. ವರ್ಷಕ್ಕೆ 7 ಲಕ್ಷ 30 ಸಾವಿರ. ಉಳಿದದ್ದನ್ನು ನಿಮ್ಮ ಬೆಂಗಳೂರಿನ ಸಂಬಳ ಕಟ್ಟಬೇಕು, ಇಲ್ಲದಿದ್ದರೆ ಅಪ್ಪನ ತೋಟ.

ಈಗ ಪೇಟೆ ಯಾವುದರ ಮೇಲೆ ನಡೆಯುತ್ತದೆ ಅನ್ನೋದಕ್ಕೆ ಬರುತ್ತೇನೆ. ನೀವು ತೋಟದವರ ಮಗ, ಅರ್ಧ ನಿಮಗೆ ಗೊತ್ತೇ ಇದೆ. ಗೊತ್ತಿದ್ದದ್ದನ್ನೇ ಪೇಟೆಯ ಕಡೆಯಿಂದ ಒಮ್ಮೆ ನೋಡಿ. ಮಳೆ ಕಳೆದು ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆಯ ಕೊಯ್ಲು, ಶುರುವಾಗುತ್ತದೆ. ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯಿಸಿ, ಒಣಗಿಸಿದರೆ ಕೆಂಪಡಿಕೆ, ರಾಶಿ. ಹಣ್ಣಾದ ಮೇಲೆ ಕೊಯ್ದು, ಸಿಪ್ಪೆ ಸಮೇತ ಒಂದೂವರೆ ತಿಂಗಳು ಅಂಗಳದಲ್ಲಿ ಬಿಸಿಲಿಗೆ ಹಾಕಿ ಸುಲಿದರೆ ಚಾಲಿ. ಚಾಲಿಗೆ ಒಂದು ಒಳ್ಳೆಯ ಗುಣ ಇದೆ. ಇಟ್ಟರೆ ಉಳಿಯುತ್ತದೆ. ದರ ನೋಡಿ, ಮನೆಯ ಅಗತ್ಯ ನೋಡಿ, ಚೀಲ ಚೀಲವಾಗಿ ಕೊಡಬಹುದು. ಎಷ್ಟೋ ಮನೆಗಳಲ್ಲಿ ಅದೇ ಬ್ಯಾಂಕು. ಜೂನ್ ಬಂತು, ಕಾಲೇಜಿನ ಫೀ ಕಟ್ಟಬೇಕು, ಎರಡು ಚೀಲ ಪೇಟೆಗೆ ಹೋಗುತ್ತದೆ.

ಆ ಚೀಲ ಹೋಗುವುದು ಎಲ್ಲಿಗೆ? ಕೆಲವರು ವ್ಯಾಪಾರಿಯ ವಖಾರಿಗೆ ಹಾಕುತ್ತಾರೆ, ತುಂಬ ಜನ ಸಹಕಾರ ಸಂಘಕ್ಕೆ ಹಾಕುತ್ತಾರೆ. ಶಿರಸಿಯ ಸ್ವಭಾವ ಇರುವುದೇ ಇಲ್ಲಿ. ತೋಟಗಾರ್ಸ್ ಸೇಲ್ ಸೊಸೈಟಿ, ನಾವೆಲ್ಲ ಟಿ.ಎಸ್.ಎಸ್. ಅನ್ನುವುದು, ಹುಟ್ಟಿದ್ದು 1923ರಲ್ಲಿ. ಅದಕ್ಕೂ ಮೊದಲು 1920ರಲ್ಲಿ ಕೆ.ಡಿ.ಸಿ.ಸಿ. ಬ್ಯಾಂಕು, ಅಂದರೆ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು. ಜಿಲ್ಲಾ ಕೇಂದ್ರ ಕಾರವಾರ, ಆದರೆ ಜಿಲ್ಲೆಯ ಸಹಕಾರಿ ಬ್ಯಾಂಕಿನ ಕೇಂದ್ರ ಕಚೇರಿ ಶಿರಸಿಯಲ್ಲಿ. ಇದು ಸುಮ್ನೆ ಆದದ್ದಲ್ಲ. ದುಡ್ಡು ಓಡಾಡುತ್ತಿದ್ದದ್ದು ಇಲ್ಲಿ. ವ್ಯಾಪಾರಿಯ ತೂಕ, ದರ, ಬಡ್ಡಿ ಮೂರಕ್ಕೂ ಸಿಕ್ಕಿ ಸೋತಿದ್ದ ಬೆಳೆಗಾರರು, ನಮ್ಮ ಅಡಿಕೆ ನಾವೇ ಮಾರೋಣ ಅಂತ ಸೇರಿದರು. ಮಾಲು ಸಂಘದ ಗೋದಾಮಿಗೆ ಬಂದು ಬೀಳುತ್ತದೆ, ಅದರ ಆಧಾರದ ಮೇಲೆ ಮುಂಗಡ ಸಿಗುತ್ತದೆ, ಟೆಂಡರಿನಲ್ಲಿ ದರ ಕುದುರಿದಾಗ ಮಾರಾಟ. ನೂರು ವರ್ಷ ಆಯಿತು. ಇವತ್ತು ಅದೇ ಸೊಸೈಟಿಯ ಸೂಪರ್ ಮಾರ್ಕೆಟ್ಟಿನಲ್ಲಿ ಉಪ್ಪಿನಿಂದ ಫ್ರಿಜ್ಜಿನ ತನಕ ಸಿಗುತ್ತದೆ. 2019ರಲ್ಲಿ ಶಿರಸಿ ಅಡಿಕೆಗೆ ಜಿ.ಐ. (ಭೌಗೋಳಿಕ ಸೂಚಕ) ಮಾನ್ಯತೆ ಬಂತು, ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಅಡಿಕೆಗೆ.

ಇದರ ಜೊತೆ ಕಚೇರಿಗಳ ಸಂಬಳ. ಶಿರಸಿ ಒಂದು ಶೈಕ್ಷಣಿಕ ಜಿಲ್ಲೆ. ಅರಣ್ಯ ಇಲಾಖೆಯ ಕೆನರಾ ವೃತ್ತದ ಕಚೇರಿ ಇಲ್ಲಿದೆ. ವಾಯವ್ಯ ಸಾರಿಗೆಯ ವಿಭಾಗೀಯ ಕಚೇರಿ ಇಲ್ಲಿದೆ. ಆರ್.ಟಿ.ಓ. ಇದೆ, ನಮ್ಮ ಗಾಡಿಗಳ ಮೇಲೆ ಕೆ.ಎ. 31 ಅಂತ ಇರುವುದು ಅದಕ್ಕೇ. ಶಿರಸಿಯನ್ನೇ ಬೇರೆ ಜಿಲ್ಲೆ ಮಾಡಿ ಅನ್ನುವ ಕೂಗು ಎದ್ದಿರುವುದೂ ಈ ಕಾರಣಕ್ಕೇ. ಮತ್ತೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಬಿಡ್ಕಿಬೈಲಿನಲ್ಲಿ ದೇವಿ ಕೂತಷ್ಟು ದಿನ ಪೇಟೆಯಲ್ಲಿ ಒಂದು ಕೋಣೆ ಸಿಗುವುದಿಲ್ಲ, ಪ್ರತಿ ಮನೆಯಲ್ಲೂ ನೆಂಟರು. ಆ ಜನಸಂದಣಿ ನೋಡಿ ಲಾಡ್ಜು ಕಟ್ಟಿದವರಿದ್ದಾರೆ. ಜಾತ್ರೆ ಒಂಬತ್ತು ದಿನ, ಕಂತು ವರ್ಷಪೂರ್ತಿ.

2011ರ ಜನಗಣತಿಯಲ್ಲಿ ಶಿರಸಿ ಪೇಟೆಯ ಜನಸಂಖ್ಯೆ 60 ಸಾವಿರ ದಾಟಿತ್ತು, ಅಷ್ಟೇ. ಆದರೆ ಬೆಳಿಗ್ಗೆ ಹತ್ತಕ್ಕೆ ಐದು ರಸ್ತೆ ಸರ್ಕಲ್ಲಿನಲ್ಲಿ ನಿಂತರೆ ಅದಕ್ಕಿಂತ ಎಷ್ಟೋ ದೊಡ್ಡ ಊರು ಅನ್ನಿಸುತ್ತದೆ. ರಾತ್ರಿ ಎಂಟೂವರೆಗೆ ಅದೇ ಜಾಗಕ್ಕೆ ಬನ್ನಿ. ಅರ್ಧ ಅಂಗಡಿ ಬಾಗಿಲು ಎಳೆದಿರುತ್ತವೆ. ಹಗಲಿನ ಜನ ಎಲ್ಲ ಹಳ್ಳಿಗೆ ಮರಳಿರುತ್ತಾರೆ. ಕಾಲೇಜು ಊರಿನ ರಾತ್ರಿಗೆ ಗದ್ದಲ ಇರುತ್ತದೆ, ಮೆಸ್ಸಿನ ಮುಂದೆ ಸಾಲು ಇರುತ್ತದೆ, ಗುಂಪು ಗುಂಪಾಗಿ ಹುಡುಗರು ತಿರುಗುತ್ತಿರುತ್ತಾರೆ. ಶಿರಸಿಗೆ ಆ ರಾತ್ರಿ ಇಲ್ಲ. ಹೋಳಿಯ ಹೊತ್ತಿಗೆ ಬೇಡರ ವೇಷ ಕುಣಿಯುವ ನಾಲ್ಕು ರಾತ್ರಿ ಮಾತ್ರ ಇಡೀ ಪೇಟೆ ಎಚ್ಚರ ಇರುತ್ತದೆ, ಅದೂ ಜಾತ್ರೆ ಇಲ್ಲದ ವರ್ಷ.

ಈಗ ನಿಮ್ಮ ಸೈಟಿಗೆ ಬರೋಣ. ಶಿರಸಿಯಲ್ಲಿ ಬಾಡಿಗೆ ಮನೆ ಹುಡುಕುವವರು ಯಾರು? ನಾನು ಕಂಡ ಹಾಗೆ ಮೊದಲನೆಯವರು ಹಳ್ಳಿಯ ತಾಯಂದಿರು. ಮಗ ಎಂಟನೆಯ ತರಗತಿಗೋ ಪಿಯುಸಿಗೋ ಬಂದಾಗ, ಬಸ್ಸು ಸರಿ ಹೋಗದ ಊರಿನವರು ಪೇಟೆಯಲ್ಲಿ ಒಂದು ಮನೆ ಮಾಡುತ್ತಾರೆ. ಅಮ್ಮ ಮಕ್ಕಳ ಜೊತೆ ಪೇಟೆಯಲ್ಲಿ, ಅಪ್ಪ ಬೈಕಿನಲ್ಲಿ ತೋಟಕ್ಕೆ. ಅವರಿಗೆ ಪಿ.ಜಿ. ಕೋಣೆ ಆಗುವುದಿಲ್ಲ, ಅಡುಗೆಮನೆ ಬೇಕು. ನಾಲ್ಕೈದು ವರ್ಷ ಕದಲದೆ ಇರುತ್ತಾರೆ, ಬಾಡಿಗೆ ತಪ್ಪಿಸುವುದಿಲ್ಲ. ಎರಡನೆಯವರು ವರ್ಗವಾಗಿ ಬರುವ ಬ್ಯಾಂಕಿನವರು, ಶಿಕ್ಷಕರು, ಅರಣ್ಯ ಇಲಾಖೆಯವರು. ಇನ್ನೊಂದು ಗುಂಪು ಈಚೆಗೆ ಜಾಸ್ತಿ ಆಗುತ್ತಿದೆ, ವಯಸ್ಸಾದವರು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ತೋಟವನ್ನು ಯಾರಿಗೋ ಒಪ್ಪಿಸಿ ಆಸ್ಪತ್ರೆ ಹತ್ತಿರ ಇರಲಿ ಅಂತ ಪೇಟೆಗೆ ಇಳಿಯುತ್ತಾರೆ. ಅವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ನೆಲ ಅಂತಸ್ತಿನ ಮನೆ ಕೇಳುತ್ತಾರೆ, ಸಿಗುವುದು ಕಷ್ಟ.

ಇಲ್ಲಿ ನನಗೆ ನೋವಿನ ಮಾತೊಂದಿದೆ, ಹೇಳದೆ ಮುಂದೆ ಹೋಗಲಾರೆ. ನಾವು ಮೇಷ್ಟ್ರುಗಳು ಚೆನ್ನಾಗಿ ಕಲಿಸಿದಷ್ಟೂ ಮಕ್ಕಳು ಚೆನ್ನಾಗಿ ಹೊರಟು ಹೋದರು. ಈ ಊರಿನಿಂದ ಹೊರಗೆ ಹೋಗುವ ಮಾಲಿನಲ್ಲಿ ಅಡಿಕೆಯ ನಂತರ ಎರಡನೆಯ ಸ್ಥಾನ ಓದಿದ ಮಕ್ಕಳದ್ದು. ಅಡಿಕೆ ಹೋದರೆ ದುಡ್ಡು ಬರುತ್ತದೆ, ಮುಂದಿನ ವರ್ಷ ಮರದಲ್ಲಿ ಮತ್ತೆ ಕೊನೆ ಬಿಡುತ್ತದೆ. ಮಕ್ಕಳು ಹೋದರೆ ದುಡ್ಡು ಮಾತ್ರ ಬರುತ್ತದೆ. ಎಲೆಚುಕ್ಕಿ ರೋಗ ಬಂದಾಗ ಮರ ಹತ್ತಿ ನೋಡುವವರಿಲ್ಲ. ಸುಗ್ಗಿಗೆ ಕೊನೆಗೌಡನ ಹಿಂದೆ ಅಲೆಯುವವರು ಎಪ್ಪತ್ತರ ಮುದುಕರು. ಎಂಟು ಅಂಕಣದ ಮನೆಯಲ್ಲಿ ಇಬ್ಬರೇ ಊಟಕ್ಕೆ ಕೂರುತ್ತಾರೆ. ನಿಮ್ಮ ಮನೆಯಲ್ಲೂ ಈಗ ಹೀಗೇ ಇರಬಹುದು. ನೀವು ದುಡ್ಡು ಹಾಕುವ ಮಾತು ಎತ್ತಿದ್ದೀರಿ, ಅದು ಒಳ್ಳೆಯದೇ. ಆದರೆ ಈ ಪೇಟೆಯಲ್ಲಿ ದುಡ್ಡಿಗಿಂತ ಜಾಸ್ತಿ ಬರಗಾಲ ಇರುವುದು ನಿಮ್ಮ ವಯಸ್ಸಿನವರಿಗೆ.

ಹಾಗಾಗಿ ನನ್ನ ಸಲಹೆ ಇದು. ಪಿ.ಜಿ. ಬಿಡಿ. ಕಟ್ಟುವುದೇ ಆದರೆ ಎರಡು ಮಲಗುವ ಕೋಣೆಯ ನಾಲ್ಕು ಮನೆ ಕಟ್ಟಿಸಿ, ಎರಡು ಕೆಳಗೆ, ಎರಡು ಮೇಲೆ. ಸಾಲ ಅರ್ಧಕ್ಕೆ ಇಳಿಯುತ್ತದೆ. ಕೆಳಗಿನ ಬಚ್ಚಲಿಗೆ ಮೆಟ್ಟಿಲು ಇಡಬೇಡಿ, ಹಿಡಿದುಕೊಳ್ಳಲು ಗೋಡೆಗೆ ಸರಳು ಹಾಕಿಸಿ. ಕೆಳಗಿನ ಎರಡರಲ್ಲಿ ಒಂದು ಮುಂದೆ ನಿಮ್ಮ ಅಪ್ಪ, ಅಮ್ಮನಿಗೇ ಬೇಕಾದೀತು. ವರ್ಷಕ್ಕೆ 2500 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ಇದು. ಬೆಂಗಳೂರಿನ ನಕ್ಷೆ ತಂದು ಸಪಾಟು ತಾರಸಿ ಹಾಕಿಸಿದರೆ ಮೂರನೇ ಮಳೆಗಾಲಕ್ಕೆ ಗೋಡೆ ಬೂಸು ಹಿಡಿಯುತ್ತದೆ. ಮೇಲೆ ಇಳಿಜಾರು ಶೀಟು ಹಾಕಿ, ಅದರಡಿಯ ಜಾಗವನ್ನು ಬಟ್ಟೆ ಒಣಗಿಸಲು ಬಿಡಿ. ಜುಲೈನಲ್ಲಿ ಶಿರಸಿಯ ಹೆಂಗಸರು ಮನೆ ನೋಡಲು ಬಂದರೆ ಮೊದಲು ಕೇಳುವುದೇ ಬಟ್ಟೆ ಎಲ್ಲಿ ಒಣಗಿಸುವುದು ಅಂತ.

ಸೈಟಿನ ಕಾಗದ ಮಾತ್ರ ಎರಡು ಸಲ ನೋಡಿ. ನಮ್ಮ ಜಿಲ್ಲೆಯ ಬಹುಪಾಲು ನೆಲ ಅರಣ್ಯ. ಪೇಟೆಯ ಅಂಚಿನಲ್ಲಿ ಅತಿಕ್ರಮಣ ಜಾಗವನ್ನೂ ಮಾತಿನ ಮೇಲೆ ಮಾರುವವರಿದ್ದಾರೆ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಅಂತ ನಮ್ಮ ಕಡೆ ಬಿಟ್ಟಿದ್ದಾರಲ್ಲ, ಅದು ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು ಮಾತ್ರ, ಮನೆ ಕಟ್ಟುವ ಹಕ್ಕಲ್ಲ. ಭೂ ಪರಿವರ್ತನೆ ಆಗಿದೆಯೇ, ಇ-ಸ್ವತ್ತು ಅಥವಾ ನಗರಸಭೆಯ ಇ-ಖಾತೆ ಇದೆಯೇ, ಋಣಭಾರ ಪತ್ರದಲ್ಲಿ ಏನಿದೆ, ಇಷ್ಟನ್ನು ಶಿರಸಿಯ ವಕೀಲರಿಗೇ ತೋರಿಸಿ. ಬೆಂಗಳೂರಿನ ವಕೀಲರಿಗೆ ಬೆಟ್ಟದ ಕಾಗದ ಅರ್ಥ ಆಗುವುದು ಕಷ್ಟ.

ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ಈ ಮಳೆಗಾಲದಲ್ಲಿ ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಆಫೀಸಿಗೆ ಕೇಳಿ ನೋಡಿ. ಒಪ್ಪಿದರೆ ಶಿರಸಿಯಲ್ಲಿ ಒಂದು ಬಾಡಿಗೆ ಮನೆ ಹುಡುಕಿ. ಹುಡುಕುವಾಗಲೇ ಯಾವ ಮನೆ ಸಿಗುವುದಿಲ್ಲ, ಯಾವುದು ಖಾಲಿ ಬಿದ್ದಿದೆ ಅಂತ ನಿಮಗೆ ನನಗಿಂತ ಚೆನ್ನಾಗಿ ತಿಳಿಯುತ್ತದೆ. ಶನಿವಾರ ಸಂಜೆ ಬಸ್ಸಿಗೆ ಊರಿಗೆ ಹೋಗಿ. ಹೋಗುವಾಗ ಅಪ್ಪನಿಗೆ ಫೋನ್ ಮಾಡಿ, ಪೇಟೆಯಿಂದ ಏನು ತರಲಿ ಅಂತ ಕೇಳಿ.